ಚಂದ ಅನ್ನಬಾರದ ಮನೆ

ಸುಮ್ಮನೆ ಒಂದು ಕಡೆ ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಈಗ ಮಂಡಿ ಹಿಡಿದುಕೊಂಡು, ಕೂತರೆ ಏಳಲಾರೆ, ಎದ್ದರೆ ಕೂರಲಾರೆ ಎನ್ನುವ ಸ್ಥಿತಿ. ಆದರೂ ಇಷ್ಟು ಬರೆಯುವಷ್ಟರಲ್ಲಿ ಒಮ್ಮೆ ಎದ್ದು ಹೋಗಿ ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ ಮಗುಚಿ ಬಂದೆ. ಮೆಣಸಿನಕಾಯಿಗೇನೂ ಅದು ಬೇಕಿರಲಿಲ್ಲ, ನನಗೆ ಬೇಕಿತ್ತು.

ಇದಕ್ಕೆಲ್ಲ ಅಪ್ಪನ ಗಾಡಿಯೇ ಕಾರಣ. ಚಳ್ಳಕೆರೆಯಲ್ಲಿ ನಮ್ಮದು ನೇಕಾರರ ಮನೆ ಎಂಬುದು ಹೆಸರಿಗೆ ಮಾತ್ರ. ಅಪ್ಪ ಮಗ್ಗ ಮುಟ್ಟಿದ್ದನ್ನು ನಾನು ಕಾಣೆ. ಎತ್ತಿನ ಗಾಡಿಗೆ ಬಟ್ಟೆಯ ಗಂಟು ಹೇರಿಕೊಂಡು ಸಂತೆಯಿಂದ ಸಂತೆಗೆ ತಿರುಗಿ ಮಾರುತ್ತಿದ್ದರು. ಅವ್ವ ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದರಿಂದ ಗಂಟಿನ ಮೇಲೊಂದು ಗಂಟಾಗಿ ನಾನೂ ತಿರುಗಿದೆ. ವರವು ಕಾವಲೆಂಬ ಹುಲ್ಲುಗಾವಲಿನ ಅಂಚಿನಲ್ಲಿ ಗಾಡಿ ಹೋಗುವಾಗ ಎದೆಮಟ್ಟದ ಹುಲ್ಲಿನ ನಡುವೆ ಅಮೃತಮಹಲಿನ ಹಸುಗಳು ಕೊಂಬೆತ್ತಿ ನಮ್ಮನ್ನೇ ನೋಡುತ್ತಿದ್ದವು. ಗಂಟಿನ ಮೇಲೆ ಗುರುತು ಹಾಕಲೆಂದು ಅಪ್ಪ ಕಲಿಸಿದ ಅಕ್ಷರದಲ್ಲೇ ಈಗ ಇದನ್ನು ಬರೆಯುತ್ತಿದ್ದೇನೆ.

ಅಂಥವಳನ್ನು ತಂದು ಮೊಳಕಾಲ್ಮೂರಿನ ರೇಷ್ಮೆ ನೇಯುವ ಮನೆಗೆ ಕೊಟ್ಟರು. ಬಂಡೆಗುಡ್ಡದ ಬುಡದ ಊರು, ಇಕ್ಕಟ್ಟಾದ ಬೀದಿ, ಮನೆ ತುಂಬ ಮಗ್ಗ. ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತರೆ ನನ್ನ ಮಾವ ಊಟದ ಹೊತ್ತಿಗೇ ಏಳುತ್ತಿದ್ದುದು. ನಮ್ಮ ಯಜಮಾನರೂ ಹಾಗೆಯೇ. ಒಂದೇ ಕಡೆ ಕೂತವರ ಮನೆಯಲ್ಲಿ ನಾನೊಬ್ಬಳು ಹಿತ್ತಿಲಿಗೂ ಬಾಗಿಲಿಗೂ ಓಡಾಡುತ್ತಿದ್ದೆ. ಕಾಲಿಗೆ ಚಕ್ರ ಕಟ್ಟಿಕೊಂಡು ಬಂದಿದ್ದೀಯೇನೆ ಎಂದು ಅತ್ತೆ ಮೊದಲ ವಾರವೇ ಕೇಳಿದ್ದರು.

ಆ ಅತ್ತೆಯ ವಿಷಯ ಹೇಳಬೇಕು. ನನ್ನ ಮದುವೆಯಲ್ಲಿ ಮದುಮಗಳನ್ನು ಯಾರೂ ನೋಡಲಿಲ್ಲ, ಎಲ್ಲರೂ ಅತ್ತೆಯನ್ನೇ ನೋಡಿದರು. ಅಷ್ಟು ರೂಪ. ಅವರಿಗೂ ಅದು ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ನಟಿಸುವ ಅಭ್ಯಾಸವೂ ಇರಲಿಲ್ಲ. ಮಗ್ಗದ ಮನೆಯ ಕಂಬಕ್ಕೆ ಬಳ್ಳಾರಿಯಿಂದ ತರಿಸಿದ ಕನ್ನಡಿಯೊಂದನ್ನು ನೇತುಹಾಕಿಸಿದ್ದರು. ಒಳಗೆ ಹೋಗುವಾಗ ಒಂದು ನೋಟ, ಹೊರಗೆ ಬರುವಾಗ ಒಂದು ನೋಟ. ಕುಂಕುಮ ಒಂದು ಕಾಳಿನಷ್ಟು ಸರಿದಿದ್ದರೂ ಅಳಿಸಿ ಇಡುತ್ತಿದ್ದರು. ನನಗೆ ಹೊಟ್ಟೆಕಿಚ್ಚು, ಮೆಚ್ಚುಗೆ ಎರಡೂ ಒಟ್ಟೊಟ್ಟಿಗೆ ಆಗುತ್ತಿತ್ತು.

ನಾನು ಬಂದ ಮರುವರ್ಷವೇ ಆ ಮನೆಗೆ ಅಮ್ಮ ಬಂದಳು. ನಮ್ಮ ಕಡೆ ಅಮ್ಮ ಬಂದಳು ಎಂದರೆ ಯಾವ ಅಮ್ಮ ಎಂದು ಯಾರೂ ಕೇಳುವುದಿಲ್ಲ. ಸಿಡುಬು ಎಂಬ ಹೆಸರನ್ನು ಬಾಯಲ್ಲಿ ಆಡುವುದೂ ಇಲ್ಲ. ಬಂದದ್ದು ಅತ್ತೆಯ ಮೈಮೇಲೆ. ಸುದ್ದಿ ತಿಳಿದ ಕೂಡಲೇ ಮಾವ ನನ್ನನ್ನು ಚಳ್ಳಕೆರೆಗೆ ಅಪ್ಪನ ಹತ್ತಿರ ಕಳಿಸಿದರು. ಆ ತಾಯಿ ಹೋದಳು, ಅತ್ತೆಯ ಜೀವಕ್ಕೇನೂ ಆಗಲಿಲ್ಲ, ಬಾ ಎಂದು ಹೇಳಿಕಳಿಸಿದ ಮೇಲೆ ವಾಪಸು ಬಂದೆ. ಬಂದು ನೋಡಿದರೆ ತಾಯಿ ಹೋಗಿದ್ದಳು, ಅವಳ ಕಟ್ಟುಪಾಡು ಮಾತ್ರ ಹೋಗಿರಲಿಲ್ಲ.

ಅಮ್ಮ ಮನೆಯಲ್ಲಿರುವಷ್ಟು ದಿನ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿರಬೇಕು. ಒಲೆಯ ಮೇಲೆ ಒಗ್ಗರಣೆ ಚಟಗುಟ್ಟಬಾರದು. ಯಾರೂ ತಲೆ ಬಾಚಬಾರದು, ಹೂ ಮುಡಿಯಬಾರದು. ಕನ್ನಡಿಗೆ ಬಟ್ಟೆ ಸುತ್ತಿಡಬೇಕು. ಮನೆಗೆ ಬಂದ ತಾಯಿಯ ಮುಂದೆ ಇನ್ನೊಬ್ಬರು ಸಿಂಗಾರ ಮಾಡಿಕೊಂಡರೆ ಅವಳು ಮುನಿಯುತ್ತಾಳೆ. ಮಲಗಿದವರಿಗೆ ಮೂರನೇ ಸ್ನಾನದ ನೀರು ಹಾಕಿ, ಮೊಸರನ್ನದ ಎಡೆಯಿಟ್ಟು ತಾಯಿಯನ್ನು ತಣ್ಣಗೆ ಕಳಿಸಿದ ಮೇಲೆ ಮನೆಯ ಹಿರಿಯ ಹೆಂಗಸು ಬೇವು ಬಿಚ್ಚಿ, ಕನ್ನಡಿಯ ಬಟ್ಟೆ ತೆಗೆದು, ಒಂದು ಒಗ್ಗರಣೆ ಹಾಕಿದರೆ ಮನೆ ಮತ್ತೆ ಮನೆಯಾಯಿತು. ಇದು ಆ ಬೀದಿಯ ಪದ್ಧತಿ. ಅದೇ ಬೀದಿಯಲ್ಲಿ ಇನ್ನೊಂದು ಮಾತೂ ಇತ್ತು: ತಾಯಿ ಯಾರ ಮೈಮೇಲೆ ಬಂದಿದ್ದಳೋ ಅವರು ಆ ಬೇವನ್ನು ತಾವೇ ಮುಟ್ಟಬಾರದು.

ನಮ್ಮ ಮನೆಯಲ್ಲಿ ಹಿರಿಯ ಹೆಂಗಸೂ ಅತ್ತೆಯೇ, ತಾಯಿ ಬಂದದ್ದೂ ಅತ್ತೆಯ ಮೇಲೆಯೇ. ಹೊರಗಿನವರ ಕೈ ಇದಕ್ಕೆ ಆಗುವುದಿಲ್ಲ. ಹಾಗಾಗಿ ಬೇವು ಬಾಗಿಲಲ್ಲೇ ಒಣಗಿ ಕಡ್ಡಿಯಾಯಿತು, ಕನ್ನಡಿ ಕಂಬಳಿಯ ತುಂಡಿನಲ್ಲಿ ಮುಸುಕು ಹಾಕಿಕೊಂಡು ನಿಂತಿತು, ನಾವು ಒಗ್ಗರಣೆಯಿಲ್ಲದ ಸಾರು ಉಂಡೆವು. ಮಾವ ಗೌರಸಮುದ್ರಕ್ಕೆ ಹೋಗಿ ಮಾರಮ್ಮನಿಗೆ ಹರಕೆ ಒಪ್ಪಿಸಿ ಬಂದರು. ಅಲ್ಲಿ ತಿಳಿದವರನ್ನು ಈ ತೊಡಕು ಕೇಳಿ ಬರಬಹುದಿತ್ತು, ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾರೋ ಎಂಬ ಭಯ ಅವರಿಗೆ.

ಅತ್ತೆ ನಡುಮನೆಯ ಹಿಂದಿನ ಕಿಟಕಿಯಿಲ್ಲದ ಕೋಣೆಯಿಂದ ಈಚೆಗೇ ಬರುತ್ತಿರಲಿಲ್ಲ. ಕೆಲಸ ಬಿಟ್ಟಿರಲಿಲ್ಲ, ಅಷ್ಟು ಹೇಳಬೇಕು. ಲಾಳಿಗೆ ತುಂಬುವ ಕಂಡಿಕೆಗಳಿಗೆ ರೇಷ್ಮೆ ನೂಲು ಸುತ್ತುವ ರಾಟೆಯನ್ನು ಆ ಕತ್ತಲಿಗೇ ಎಳೆದುಕೊಂಡಿದ್ದರು. ನಾವು ನೂಲಿನ ಲಡಿಗಳನ್ನು ಬಾಗಿಲ ಬಳಿ ಇಟ್ಟರೆ ಕಂಡಿಕೆಗಳು ಬಾಗಿಲ ಬಳಿ ಬರುತ್ತಿದ್ದವು. ಬೆಳಗಿನಿಂದ ಸಂಜೆಯವರೆಗೆ ಗುರ್ ಗುರ್ ಎಂಬ ರಾಟೆಯ ಸದ್ದು. ವಾಪಸು ಬಂದ ಮೇಲೆ ಅವರ ಮುಖವನ್ನು ನಾನು ನೋಡಿರಲೇ ಇಲ್ಲ. ಊಟದ ತಟ್ಟೆಗೆ ಚಾಚುವ ಕೈ ಮಾತ್ರ ಕಂಡಿದ್ದೆ.

ವಾಪಸು ಬಂದ ಮೊದಲ ದಿನವೇ ನಾನು ಎಡವಿದೆ. ಪಕ್ಕದ ಮನೆಯ ಕರುವನ್ನು ನೋಡಿ ಎಷ್ಟು ಚಂದ ಇದೆ ಎಂದು ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಅಂದುಬಿಟ್ಟೆ. ಒಳಗೆ ರಾಟೆ ನಿಂತಿತು. ಮಾವ ಮಗ್ಗದಿಂದ ತಲೆಯೆತ್ತಿ, ಗದರಿಸದೆ, ಬಹಳ ಮೆತ್ತಗೆ ಹೇಳಿದರು.

"ಈ ಮನೆಯಾಗೆ ಆ ಮಾತು ಬ್ಯಾಡ ಕಣವ್ವ."

ಗದರಿಸಿದ್ದರೆ ವಾಸಿಯಿತ್ತು. ಅಂದಿನಿಂದ ಚಂದ ಎಂಬ ಮಾತು ಹೋಯಿತು. ಅದರ ಹಿಂದೆಯೇ ರೂಪ, ಸಿಂಗಾರ, ಬಣ್ಣ, ಹೂವು ಎಲ್ಲ ಹೋದವು. ಸೀರೆ ನೇಯುವ ಮನೆಯಲ್ಲಿ ಸೀರೆಯ ಅಂಚನ್ನು ಚಂದ ಎನ್ನದೆ ಬದುಕುವುದು ಹೇಗಿರುತ್ತದೆ ಎಂದು ಯೋಚಿಸಿ ನೋಡಿ. ಬಾಯಿ ಕಟ್ಟಿದ ಎತ್ತನ್ನು ಕಣದಲ್ಲಿ ತಿರುಗಿಸಿದ ಹಾಗೆ ನನಗಾಗುತ್ತಿತ್ತು.

ಮನೆಯಲ್ಲಿ ನನಗೆ ಜೊತೆಯೆಂದರೆ ನಾದಿನಿ. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು, ನಗುವುದಕ್ಕೆ ಕಾರಣವೇ ಬೇಕಿಲ್ಲದ ಹುಡುಗಿ. ಮದುವೆಯ ವಯಸ್ಸು, ಕೂದಲು ಬಾಚುವ ಹಾಗಿಲ್ಲ. ಒಂದು ದಿನ ಬಾವಿಯ ಹತ್ತಿರ ಅವಳು ತುಂಬಿದ ಕೊಡವನ್ನು ಎತ್ತದೆ, ಬಗ್ಗಿ, ನೀರು ಅಲುಗುವುದು ನಿಲ್ಲುವವರೆಗೆ ಕಾಯುತ್ತಿದ್ದುದನ್ನು ಕಂಡೆ. ನೀರು ನಿಂತ ಮೇಲೆ ತನ್ನ ಮುಖ ನೋಡಿಕೊಂಡು ಹುಬ್ಬು ತೀಡಿಕೊಂಡಳು. ಏನು ಮಾಡ್ತಿದ್ದೀಯಾ ಎಂದರೆ ನಾಚಿಕೊಂಡಳು. ಇದಕ್ಕೆ ನೀರಿಣುಕು ಅಂತಾರೆ ಎಂದೆ. ಯಾರು ಅಂತಾರೆ ಎಂದಳು. ಇವತ್ತಿನಿಂದ ನಾವು ಅಂತೀವಿ ಎಂದೆ.

ಶುರುವಾದದ್ದು ಹೀಗೆ. ಅನ್ನಬಾರದ್ದನ್ನು ಅನ್ನಲೇಬೇಕಾದರೆ ಹೊಸ ಮಾತು ಬೇಕಲ್ಲ. ಆಮೇಲೆ ಮನೆಯಲ್ಲಿದ್ದುಕೊಂಡೇ "ನಾನು ನೀರಿಣುಕಿ ಬರ್ತೀನಿ ಅತ್ಗೆ" ಎಂದು ಅವಳು ಹೊರಟರೆ ಮಾವನಿಗೆ ಏನೂ ತಿಳಿಯುತ್ತಿರಲಿಲ್ಲ. ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆವು. ನನ್ನ ಕಾಲಿನ ಚಕ್ರ ಆಮೇಲೆ ನಾಲಿಗೆಗೆ ಬಂತು.

ಎದುರುಮನೆಯಾಕೆ ಹೊಸ ಮೂಗುಬೊಟ್ಟು ಚುಚ್ಚಿಸಿಕೊಂಡಿದ್ದಳು. ಕಲ್ಲಿನ ಬೊಟ್ಟು, ಬಿಸಿಲಿಗೆ ಹಿಡಿದರೆ ಮಿಂಚುತ್ತಿತ್ತು. ಅವಳೊಂದಿಗೆ ಮಾತಾಡುವಾಗ ಅವಳು ನಮ್ಮ ಕಡೆ ನೋಡುತ್ತಿರಲಿಲ್ಲ, ಸೂರ್ಯನ ಕಡೆ ನೋಡುತ್ತಿದ್ದಳು. ಹೊಸ್ತಿಲಿಗೆ ಅವಳ ಮೂಗು ಮೊದಲು ಬಂದು ಆಮೇಲೆ ಅವಳು ಬರುತ್ತಿದ್ದಳು. ಅದಕ್ಕೆ ಮೂಗುಮೊದಲು ಎಂದು ಹೆಸರಿಟ್ಟೆವು. ಯಾರು ಹೊಸ ವಸ್ತುವನ್ನು ಮುಂದೆ ಮಾಡಿಕೊಂಡು ಬಂದರೂ, ಅದು ಕಾಲುಂಗುರವೇ ಆಗಿರಲಿ, ನಮಗೆ ಮೂಗುಮೊದಲೇ.

ಸೀರೆ ಕೊಳ್ಳಲು ಬರುವ ಸಾಹುಕಾರರು ಜರಿ ರುಮಾಲು ಸುತ್ತಿ ಬೀದಿಯ ತುದಿಯಿಂದಲೇ ಕೆಮ್ಮುತ್ತ ಬರುತ್ತಿದ್ದರು. ಕೆಮ್ಮಿಗೆ ಬಾಗಿಲುಗಳು ತೆರೆಯಬೇಕು, ತೆರೆದ ಬಾಗಿಲಲ್ಲಿ ಕಣ್ಣುಗಳಿರಬೇಕು, ಕಣ್ಣುಗಳು ರುಮಾಲಿನ ಮೇಲೆ ಬೀಳಬೇಕು. ಅದು ಕೆಮ್ಮುಡಂಗುರ. ಅವರು ಬಂದು ಕೂತು, ನಮ್ಮ ಮಾವನೊಂದಿಗೆ ತೆಲುಗಿನಲ್ಲಿ ವ್ಯಾಪಾರ ಮುಗಿಸಿ ಹೋಗುವವರೆಗೆ ಒಮ್ಮೆಯೂ ಕೆಮ್ಮುತ್ತಿರಲಿಲ್ಲ.

ನಮ್ಮ ಯಜಮಾನರನ್ನೂ ನಾವು ಬಿಡಲಿಲ್ಲ. ನೂಲಿಗೆ ಹಚ್ಚಲು ಕಾಯಿಸಿದ ಗಂಜಿಯಲ್ಲಿ ಬೆರಳ ತುದಿ ಅದ್ದಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೀಸೆಯ ಕೊನೆಗೆ ಹಚ್ಚಿ ತಿರುವುತ್ತಿದ್ದರು. ಒಣಗಿದ ಮೇಲೆ ಮೀಸೆ ನಿಲ್ಲುತ್ತಿತ್ತು, ಆದರೆ ನಕ್ಕರೆ ಬಿರುಕು ಬಿಡುತ್ತಿತ್ತು. ಹಾಗಾಗಿ ಗಂಜಿಯ ದಿನ ಅವರು ಬಹಳ ಗಂಭೀರವಾಗಿರುತ್ತಿದ್ದರು. ಅದು ಮೀಸೆಗಂಜಿ. ಇವತ್ತು ಮೀಸೆಗಂಜಿ ಕಣೆ, ನಗಿಸಬೇಡ ಎಂದು ನಾದಿನಿಗೆ ಹೇಳಿ ನಾನೇ ನಗಿಸುತ್ತಿದ್ದೆ.

ಜರಿಜ್ವರ ಎಂಬುದು ನಮ್ಮದೇ ಕಾಯಿಲೆ. ನೇಯುವವರ ಮನೆಯ ಹೆಂಗಸರು ರೇಷ್ಮೆ ಉಡುವುದಿಲ್ಲ, ಉಡುವಷ್ಟು ಯಾರಿಗಿದೆ. ಮಗ್ಗದಿಂದ ಇಳಿಸಿದ ಸೀರೆ ಸಾಹುಕಾರರ ಗಂಟು ಸೇರುವ ಮೊದಲು ಮಡಿಸುವ ನೆಪದಲ್ಲಿ ಒಂದು ಗಳಿಗೆ ಸೆರಗನ್ನು ಹೆಗಲಿಗೆ ಹಿಡಿದು ನೋಡುತ್ತೇವಲ್ಲ, ಆಗ ಮೈ ಬಿಸಿಯಾಗುವುದು, ಮಡಿಸಿ ಕೊಟ್ಟ ಮೇಲೆ ಇಳಿಯುವುದು. ಈ ಜ್ವರ ನನಗೂ ಬರುತ್ತಿತ್ತು, ನಾದಿನಿಗೂ ಬರುತ್ತಿತ್ತು. ಹಿಂದೆ ಅತ್ತೆಗೆ ಎಲ್ಲರಿಗಿಂತ ಹೆಚ್ಚು ಬರುತ್ತಿತ್ತು ಎಂದು ನಾದಿನಿ ಹೇಳಿ, ಹೇಳಿದ ಕೂಡಲೇ ಸೀರೆ ಮಡಿಸತೊಡಗಿದಳು. ಅತ್ತೆಗೆ ಎಂದು ನಾವು ಯಾವ ಮಾತನ್ನೂ ಕಟ್ಟಿರಲಿಲ್ಲ. ಅಷ್ಟು ಬುದ್ಧಿ ನಮಗಿತ್ತು, ಅಥವಾ ಅಷ್ಟು ಹೆದರಿಕೆ.

ಒಂದು ಸಂಗತಿಯನ್ನು ನಾನು ತಡವಾಗಿ ಗಮನಿಸಿದೆ. ನಾವು ನಡುಮನೆಯಲ್ಲಿ ಕೂತು ಪಿಸುಗುಟ್ಟುವಾಗೆಲ್ಲ ರಾಟೆ ನಿಲ್ಲುತ್ತಿತ್ತು. ನಾವು ಬೇರೆ ಮಾತಿಗೆ ಹೊರಳಿದರೆ ಮತ್ತೆ ತಿರುಗುತ್ತಿತ್ತು. ಎಳೆ ತುಂಡಾಗಿರಬೇಕು ಎಂದುಕೊಂಡಿದ್ದೆ.

ಸುಗ್ಗಿ ಕಳೆದ ಮೇಲೆ ಹಳ್ಳಿಯೊಂದರಿಂದ ನಾದಿನಿಯನ್ನು ನೋಡಲು ಬಂದರು. ನಮ್ಮಲ್ಲಿ ಹುಡುಗಿ ಒಪ್ಪಿಗೆಯಾದರೆ ಹುಡುಗಿಯ ತಾಯಿಯೂ ಹುಡುಗನ ತಾಯಿಯೂ ಎದುರುಬದುರು ಕೂತು ಒಬ್ಬರಿಗೊಬ್ಬರು ಅರಿಶಿಣ ಕುಂಕುಮ ಹಚ್ಚಬೇಕು. ಆಮೇಲೆ ಗಂಡಸರು ವೀಳ್ಯ ಬದಲಿಸಿಕೊಳ್ಳುತ್ತಾರೆ. ತಾಯಿ ಬದುಕಿದ್ದೂ ಆ ಅರಿಶಿಣಕ್ಕೆ ಬರದಿದ್ದರೆ ಮದುವೆಯ ಮಾತು ಗಟ್ಟಿಯಾಗುವುದಿಲ್ಲ. ಇದು ಗೊತ್ತಿದ್ದೂ ಮಾವ ಹೇಗೋ ಆಗುತ್ತದೆ ಎಂದು ಬರಹೇಳಿದ್ದರು.

ಏನೂ ಆಗಲಿಲ್ಲ. ಅವರು ಬಾಗಿಲ ಬೇವನ್ನು ನೋಡಿ ಅಂಗಳದಲ್ಲೇ ನಿಂತರು. ಅಮ್ಮ ಹೋಗಿ ಎಷ್ಟೋ ತಿಂಗಳಾಯಿತು, ಇದು ಬರೀ ಒಣಸೊಪ್ಪು ಎಂದು ಮಾವ ಬೇಡಿಕೊಂಡ ಮೇಲೆ ಅಳುಕುತ್ತ ಒಳಗೆ ಬಂದರು. ಕಂಬದ ಮೇಲೆ ಮುಸುಕಿನ ಕನ್ನಡಿ. ಒಲೆಯ ಕಡೆಯಿಂದ ಒಗ್ಗರಣೆಯ ವಾಸನೆಯಿಲ್ಲ. ಹುಡುಗಿಯ ತಾಯಿ ಎಲ್ಲಿ ಎಂದು ಕೇಳಿದರೆ ಮಾವ ಎಲೆಅಡಿಕೆಯ ತಟ್ಟೆಯನ್ನು ಮುಂದೆ ಸರಿಸಿದರು. ಇನ್ನೇನು ಬೇಕು? ಈ ಮನೆಯಲ್ಲಿ ಅಮ್ಮ ಇನ್ನೂ ಇದ್ದಾಳೆ, ಮುಚ್ಚಿಡುತ್ತಿದ್ದಾರೆ ಎಂದುಕೊಂಡು, ಇಟ್ಟ ನೀರನ್ನೂ ಮುಟ್ಟದೆ ಎದ್ದರು. ನಾದಿನಿ ಬಾಚದ ತಲೆಯಲ್ಲಿ, ಸೆರಗು ಹೊದ್ದು, ಅವರ ಮುಂದೆ ಹಾಗೇ ಕೂತಿದ್ದಳು. ಅವಳನ್ನು ಯಾರೂ ಸರಿಯಾಗಿ ನೋಡಲೂ ಇಲ್ಲ.

ಆಮೇಲೆ ಅವಳು ನಗುವುದನ್ನು ಬಿಟ್ಟಳು. ಬಾವಿಯಲ್ಲಿ ಕೊಡ ತುಂಬಿದ ಕೂಡಲೇ ಎತ್ತಿಕೊಂಡು ನಡೆಯುತ್ತಿದ್ದಳು, ನೀರು ನಿಲ್ಲುವುದನ್ನು ಕಾಯುತ್ತಿರಲಿಲ್ಲ. ನಾನು ಹೊಸ ಮಾತು ಕಟ್ಟಿ ಹೇಳಿದರೆ ಹೂಂ ಎನ್ನುತ್ತಿದ್ದಳು. ಸುದ್ದಿ ಊರೂರು ಸುತ್ತುತ್ತದೆ, ಇನ್ನೊಬ್ಬರು ಹೀಗೆ ಎದ್ದು ಹೋದರೆ ಮೂರನೆಯವರು ಬರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನಮಗೆಲ್ಲರಿಗೂ ಗೊತ್ತಿತ್ತು.

ನನಗಂತೂ ಕೂತಲ್ಲಿ ನಿಂತಲ್ಲಿ ಮುಳ್ಳು. ಒಂದು ದಾರಕ್ಕೆ, ಒಂದು ಕಂಬಳಿ ತುಂಡಿಗೆ ಒಂದು ಹುಡುಗಿಯ ಬಾಳು ಸಿಕ್ಕಿಕೊಂಡಿತ್ತು, ಅದನ್ನು ಬಿಚ್ಚುವ ಕೈಯಿಲ್ಲ. ಬಾಗಿಲು ದಾಟುವಾಗೆಲ್ಲ ಬೇವಿನ ದಾರ ತಲೆಗೆ ತಾಗುತ್ತಿತ್ತು. ನಾನೇ ಕಿತ್ತು ಬಿಸಾಡುತ್ತೇನೆ ಎಂದು ಒಮ್ಮೆ ಮಾವನಿಗೆ ಎದುರುತ್ತರ ಕೊಟ್ಟೆ. ಕಿತ್ತು ಹಾಕಿ ನಾಳೆ ನಿನಗೋ ನಿನ್ನ ಗಂಡನಿಗೋ ತಾಯಿ ಬಂದರೆ ಯಾರನ್ನು ಕೇಳಲಿ ಎಂದರು. ಅವರ ಮುಖ ನೋಡಿ ನನ್ನ ಸಿಟ್ಟು ಇಳಿಯಿತು, ಸಂಕಟ ಇಳಿಯಲಿಲ್ಲ. ಕನ್ನಡಿಯ ಬಟ್ಟೆಯನ್ನಾದರೂ ತೆಗೆಯೋಣ ಎಂದೆ. ಬೇಡ, ನಿಮ್ಮತ್ತೆ ಮುಖ ನೋಡಿಕೊಂಡರೆ ಉಳಿಯುವುದಿಲ್ಲ, ಕಟ್ಟಿದ್ದು ಹಾಗೇ ಇರಲಿ ಎಂಬುದೇ ಅವಳ ಮನಸ್ಸು ಎಂದರು. ಅತ್ತೆ ಹಾಗೆ ಅಂದರೇ ಎಂದು ನಾನು ಕೇಳಲಿಲ್ಲ. ಕೇಳಬೇಕಾದ ಮಾತು ಅದೊಂದೇ ಆಗಿತ್ತು.

ಬೇಸಿಗೆ ಬಲಿಯುವ ಹೊತ್ತಿಗೆ ರಾಂಪುರದ ಕಡೆಯಿಂದ ಇನ್ನೊಂದು ಮನೆಯವರು ಬರುತ್ತೇವೆಂದು ಹೇಳಿಕಳಿಸಿದರು. ಅನುಕೂಲಸ್ಥರು, ಹುಡುಗ ಒಳ್ಳೆಯವನೆಂದು ಸಾಹುಕಾರರೂ ಹೇಳಿದ್ದರು. ಈ ಸಲ ಮಾವ ಒಂದು ಸುಳ್ಳು ಸಿದ್ಧ ಮಾಡಿಕೊಂಡಿದ್ದರು: ಹುಡುಗಿಯ ತಾಯಿ ತವರಿಗೆ ಹೋಗಿದ್ದಾಳೆ, ಅರಿಶಿಣದ ಶಾಸ್ತ್ರ ಅವಳು ಬಂದ ಮೇಲೆ. ಆ ಸುಳ್ಳನ್ನು ಅತ್ತೆಯ ಕೋಣೆಯ ಬಾಗಿಲಿಗೆ ಬೆನ್ನು ಮಾಡಿ ನಿಂತು ನಮಗೆ ಹೇಳಿಕೊಟ್ಟರು. ಕದದಾಚೆ ರಾಟೆ ನಿಂತಿತ್ತು.

ಅವರು ಬರುವ ದಿನ ಬೆಳಗಿನಿಂದ ನಾನು ಕೂರಲಿಲ್ಲ. ಒಲೆಗೆ ಹೋದೆ, ಬಾಗಿಲಿಗೆ ಬಂದೆ, ಹಿತ್ತಿಲಿಗೆ ಹೋದೆ, ಯಾಕೆ ಹೋದೆನೆಂದು ಮರೆತು ವಾಪಸು ಬಂದೆ. ನಾದಿನಿ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಅಳುತ್ತಿರಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು. ಕೊನೆಗೆ ಬೀದಿಯ ತುದಿಯಲ್ಲಿ ಗಾಡಿ ನಿಂತಿತು. ಗಂಡಸರು ಇಳಿದರು. ಹುಡುಗನ ತಾಯಿ ಇಳಿದು, ಸೀರೆಯ ಅಂಚು ಕಾಣುವ ಹಾಗೆ ಸೆರಗನ್ನು ಹೊರಳಿಸಿ ಹೊದ್ದು, ಎರಡೂ ಕೈ ಮೇಲೆತ್ತಿ ಬಳೆಗಳನ್ನು ಮುಂಗೈಗೆ ಜಾರಿಸಿ ಒಮ್ಮೆ ಗಲಗಲ ಅನ್ನಿಸಿದರು. ಪೂಜೆಗೆ ಮುಂಚೆ ಗಂಟೆ ಹೊಡೆದ ಹಾಗೆ.

ಅಂಥ ಹೊತ್ತಿನಲ್ಲೂ ಹಾಳು ನಾಲಿಗೆ ಸುಮ್ಮನಿರಲಿಲ್ಲ. ಒಳಗೆ ಓಡಿ ಬಂದು ನಾದಿನಿಯ ಕಿವಿಯಲ್ಲಿ, ಬಂದಳು ನೋಡು ಬಳೆಗಂಟೆ, ಎಂದೆ. ಅವಳು ನಗಲಿಲ್ಲ.

ನಕ್ಕದ್ದು ಕೋಣೆಯೊಳಗಿಂದ. ಮೊದಲು ಮೂಗಿನಲ್ಲಿ, ಆಮೇಲೆ ತಡೆಯಲಾರದೆ. ಎಷ್ಟೋ ತಿಂಗಳ ಮೇಲೆ ಕೇಳಿದ ಆ ನಗುವಿಗೆ ನಾವಿಬ್ಬರೂ ಎದ್ದು ನಿಂತೆವು. ಕದ ತೆರೆಯಿತು. ಅತ್ತೆ ಹೊಸ್ತಿಲ ಆಚೆ, ಅರ್ಧ ಬೆಳಕಿನಲ್ಲಿ ನಿಂತಿದ್ದರು.

"ಊರೋರ್ಗೆಲ್ಲ ಹೆಸರಿಟ್ರಿ. ನನಗ್ಯಾಕೆ ಇಡ್ಲಿಲ್ಲ?"

ನಾದಿನಿ ನನ್ನ ಕೈ ಹಿಡಿದುಕೊಂಡಳು.

"ನಾನೇ ಇಟ್ಕಂಡೀನಿ ಬಿಡು. ಕತ್ಲೆಸಿಂಗಾರ." ಅಷ್ಟು ಹೇಳಿ ಸ್ವಲ್ಪ ಉಸಿರು ತೆಗೆದುಕೊಂಡರು. "ಮುಖ ಹೋತು ಅಂತ ಕತ್ಲೇನೇ ಉಟ್ಕಂಡು ಕುಂತೀನಿ. ಕನ್ನಡಿ ಮುಂದೆ ಕುಂತಾಗ್ಲೂ ಇಷ್ಟೊತ್ತು ಮುಖದ ಚಿಂತೆ ಮಾಡಿರ್ಲಿಲ್ಲ. ಇದೂ ಶೋಕಿನೇ ಕಣೆ."

ಹಾಗಾದರೆ ಕನ್ನಡಿ ಬಿಚ್ಚಬೇಡಿ ಎಂದವರು ನೀವಲ್ಲವೇ ಎಂದು ನಾನು ಕೇಳಿದೆ. ಅವರು ನನ್ನನ್ನೇ ನೋಡಿದರು.

"ನಾನ್ಯಾವಾಗ ಅಂದೆ? ನನ್ ಮುಖ ನಾನು ನೋಡ್ಕಾಬಾರ್ದು ಅಂತ ನೀವೆಲ್ಲ ಕಟ್ಟಿಟ್ಟೀರಿ ಅನ್ಕಂಡಿದ್ದೆ."

ಒಂದು ವರ್ಷ ತುಂಬುತ್ತ ಬಂದಿತ್ತು. ಅವರು ಬಿಚ್ಚಲಿ ಎಂದು ನಾವು, ನಾವು ಬಿಚ್ಚಲಿ ಎಂದು ಅವರು. ನನಗೆ ಅಳು ಬಂತು, ಸಿಟ್ಟೂ ಬಂತು. ಆದರೆ ಹೊರಗೆ ಎತ್ತುಗಳನ್ನು ನೊಗದಿಂದ ಬಿಚ್ಚುತ್ತಿದ್ದರು, ಅಳುವುದಕ್ಕೆ ಹೊತ್ತಿರಲಿಲ್ಲ. ಬೇವಿನ ಮಾತು ಹೇಗೆ, ನೀವು ಮುಟ್ಟುವ ಹಾಗಿಲ್ಲ, ನಾನು ಹಿರಿಯಳಲ್ಲ ಎಂದೆ. ಅತ್ತೆ ಬಂದು ನನ್ನ ಬಲಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಮಗ್ಗದಲ್ಲಿ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಹೊಸೆದು ಕೂಡಿಸುವುದನ್ನು ಕಲಿಸುವಾಗ ನನ್ನ ಕೈಯನ್ನು ಹಾಗೆಯೇ ಹಿಡಿಯುತ್ತಿದ್ದರು.

"ಬಿಚ್ಚೋ ಕೈ ನಿಂದು. ಹಿರೇರ ಕೈ ಮ್ಯಾಲಿರ್ತೈತೆ. ಇದಕ್ಕೆ ತಾಯಿ ಮುನಿಯಾಕೆ ಏನೈತೆ?"

ಮಾವ ಅಂಗಳದಿಂದ ಒಳಗೆ ಬಂದವರು ಅಲ್ಲೇ ನಿಂತರು. ಬೇಡ ಎನ್ನಲಿಲ್ಲ. ಅವರಿಗೆ ಬೇಕಾಗಿದ್ದದ್ದೂ ಇಷ್ಟೇ ಏನೋ, ಎರಡು ಪದ್ಧತಿಯೂ ಮುರಿಯದ ಒಂದು ಕೈ.

ಮೊದಲು ಕನ್ನಡಿ. ನನ್ನ ಬೆರಳು ಗಂಟು ಬಿಚ್ಚಿತು, ಅವರ ಬೆರಳು ನನ್ನ ಬೆರಳ ಮೇಲಿತ್ತು. ಕಂಬಳಿ ಕೆಳಗೆ ಬಿತ್ತು. ಆಗಲೇ ಬೆಳಕಿನಲ್ಲಿ ಅವರ ಈ ಮುಖವನ್ನು ನಾನೂ ಮೊದಲ ಸಲ ನೋಡಿದ್ದು. ಕೆನ್ನೆಯ ತುಂಬ ಕುಳಿ. ಒಂದು ರೆಪ್ಪೆ ಸ್ವಲ್ಪ ಕೆಳಗೆ ಜಗ್ಗಿತ್ತು. ಅವರು ಬಹಳ ಹೊತ್ತು ನೋಡಿಕೊಂಡರು. ನಾನು ಅವರು ಕುಸಿದರೆ ಹಿಡಿಯಲು ಸಿದ್ಧಳಾಗಿ ನಿಂತಿದ್ದೆ.

"ಹಣೆ ಹಂಗೇ ಐತೆ," ಎಂದರು. "ಕುಂಕುಮಕ್ಕೆ ಜಾಗ ಬಿಟ್ಟಾಳೆ ತಾಯಿ."

ಆಮೇಲೆ ಮಗಳ ಕಡೆ ತಿರುಗಿ, ಎದ್ದು ತಲೆ ಬಾಚಿಕೋ, ಅದಕ್ಕೂ ಮೊದಲು ಸಾರಿಗೆ ಒಗ್ಗರಣೆ ಹಾಕು, ಸಾಸಿವೆ ಧಾರಾಳವಾಗಿರಲಿ, ಬೀದಿಗೆ ಕೇಳಿಸಲಿ ಎಂದರು. ನಾದಿನಿ ಓಡಿದಳು. ನಾವಿಬ್ಬರೂ ಮುಂಬಾಗಿಲಿಗೆ ಬಂದೆವು. ಅತಿಥಿಗಳು ಅಂಗಳಕ್ಕೆ ಬಂದಾಗಿತ್ತು, ಬೇವನ್ನು ನೋಡಿ ನಿಂತಾಗಿತ್ತು. ಹುಡುಗನ ತಾಯಿ ಬಳೆಯ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿದ್ದರು. ಅವರೆಲ್ಲರ ಮುಂದೆ ಅತ್ತೆ ತಲೆಯ ಮೇಲಿನ ಸೆರಗನ್ನು ಹಿಂದೆ ಸರಿಸಿ, ನನ್ನ ಕೈಯ ಮೇಲೆ ಕೈಯಿಟ್ಟು, ಬಾಗಿಲ ದಾರವನ್ನು ಬಿಚ್ಚಿಸಿದರು. ಒಣ ಎಲೆಗಳು ನಮ್ಮಿಬ್ಬರ ತಲೆಯ ಮೇಲೆ ಉದುರಿದವು. ಒಳಗೆ ಸಾಸಿವೆ ಚಟಪಟ ಸಿಡಿದು ಇಂಗಿನ ಘಮ ಬಾಗಿಲವರೆಗೆ ಬಂತು.

ಆ ವಾಸನೆ ಅತಿಥಿಗಳಿಗೆ ಏನು ಹೇಳಬೇಕೋ ಅದನ್ನು ಹೇಳಿತು. ನಮ್ಮ ಮಾವ ಯಾವ 'ತವರಿಗೆ ಹೋದ' ಸುಳ್ಳನ್ನೂ ಹೇಳಬೇಕಾಗಲಿಲ್ಲ. ಒಳಗೆ ಬಂದರು, ನೀರು ಕುಡಿದರು. ಹುಡುಗಿ ಹೊಸದಾಗಿ ಬಾಚಿದ ತಲೆಯಲ್ಲಿ ಬಂದು ಕೂತಳು, ಮುಂದಲೆಯಿಂದ ಎಣ್ಣೆ ಇಳಿಯುತ್ತಿತ್ತು. ಗಂಡಸರು ಗಂಡಸರ ಮಾತು ಮುಗಿಸಿದರು. ತಾಯಂದಿರು ಎದುರುಬದುರು ಕೂರುವ ಹೊತ್ತಾಯಿತು.

ಮೊದಲು ಅತ್ತೆ ಹುಡುಗನ ತಾಯಿಗೆ ಹಚ್ಚಿದರು. ಅವರ ಸರದಿ ಬಂದಾಗ ಆ ತಾಯಿ ಅರಿಶಿಣ ಅದ್ದಿದ ಬೆರಳನ್ನು ಅತ್ತೆಯ ಕೆನ್ನೆಯ ಹತ್ತಿರ ತಂದು ನಿಲ್ಲಿಸಿಬಿಟ್ಟರು. ಕೆಟ್ಟವರಲ್ಲ, ಕೈ ಮುಂದೆ ಹೋಗಲಿಲ್ಲ ಅಷ್ಟೇ. ಮನೆಯಲ್ಲಿ ಎಲ್ಲರೂ ಆ ಬೆರಳನ್ನೇ ನೋಡುತ್ತಿದ್ದೆವು. ನಾದಿನಿ ಕಣ್ಣು ಮುಚ್ಚಿಕೊಂಡಳು.

"ಈ ಕೆನ್ನೆಗೆ ಅರಿಶಿಣ ಒಂಚೂರು ಜಾಸ್ತಿ ಹಿಡಿತೈತೆ," ಎಂದರು ಅತ್ತೆ. "ಧಾರಾಳವಾಗಿ ಹಚ್ರಿ ಬೀಗಿತಿ."

ಆ ತಾಯಿ ಮೊದಲು ಬೆಚ್ಚಿದರು, ಆಮೇಲೆ ನಕ್ಕರು, ನಗುತ್ತ ನಗುತ್ತಲೇ ಅವರ ಕಣ್ಣು ತುಂಬಿತು. ಎರಡೂ ಅಂಗೈಗೆ ಅರಿಶಿಣ ಬಳಿದುಕೊಂಡು ಅತ್ತೆಯ ಕೆನ್ನೆಗಳನ್ನು ಹಿಡಿದು ಹಚ್ಚಿದರು. ಬಳೆಗಳು ಗಲಗಲ ಅಂದವು. ನನಗೆ ಆ ಸದ್ದಿನ ಮೇಲಿದ್ದ ಕೋಪವೆಲ್ಲ ಹೋಯಿತು. ವೀಳ್ಯ ಬದಲಾಯಿತು.

ಅವರ ಗಾಡಿ ಹೊರಟು ಹೋಯಿತು. ಯಜಮಾನರು ಮತ್ತೆ ಮಗ್ಗದಲ್ಲಿ ಕೂತರು. ಆ ದಿನ ಗಂಜಿಯ ಮೀಸೆ ಪೂರ್ತಿ ಬಿರುಕು ಬಿಟ್ಟಿತ್ತು. ಮಾವ ಗುಂಡಿಗೆ ಕಾಲಿಳಿಸಿ ಲಾಳಿ ಕೈಗೆತ್ತಿಕೊಂಡರು. ಅತ್ತೆ ಕಂಬದ ಕನ್ನಡಿಯ ಎದುರು ಕೂತು ವರ್ಷದಿಂದ ಬಾಚದ ಕೂದಲಿನ ಸಿಕ್ಕು ಬಿಡಿಸುತ್ತಿದ್ದರು. ನಾನು ಎಂದಿನಂತೆ ಏನೋ ನೆಪ ಮಾಡಿಕೊಂಡು ಹಿತ್ತಿಲಿಗೆ ಹೊರಟಿದ್ದೆ.

"ಕುತ್ಕಾ ಇಲ್ಲಿ," ಎಂದರು. ಕೂತೆ. ಅವರು ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಕೇಳಿದರು, "ನಿಜ ಹೇಳು. ಚಂದ ಕಂಡ್ನಾ ನಾನು?"

ಮಾವನ ಲಾಳಿ ನಿಂತಿತು. ಆ ಮನೆಯಲ್ಲಿ ಆ ಮಾತು ಕೇಳಿ ವರ್ಷವಾಗಿತ್ತು. ನನ್ನ ಬಾಯಲ್ಲಿ ಅಷ್ಟೊಂದು ಹೊಸ ಮಾತುಗಳಿದ್ದವು, ಒಂದೂ ಕೆಲಸಕ್ಕೆ ಬರಲಿಲ್ಲ. ನಾನು ಅವರ ಮುಖವನ್ನು ಬೆಳಕಿನಲ್ಲಿ, ಅವಸರವಿಲ್ಲದೆ, ಪೂರ್ತಿಯಾಗಿ ನೋಡಿದೆ. ಪ್ರತಿ ಕುಳಿಯಲ್ಲೂ ಅರಿಶಿಣ ಕೂತಿತ್ತು, ಜಗ್ಗಿದ ರೆಪ್ಪೆಯ ಕೆಳಗೆ ಕಣ್ಣಲ್ಲಿ ಹಿಂದಿನಷ್ಟೇ ತುಂಟತನವಿತ್ತು. ಸುಳ್ಳು ಹೇಳಬೇಕಾದ ಅಗತ್ಯ ನನಗೆ ಕಾಣಲಿಲ್ಲ.

"ಚಂದ ಕಂಡ್ರಿ ಅತ್ತೆ," ಎಂದೆ.

"ಸುಳ್ಳುಬುರುಕಿ," ಎಂದು ಅವರು ಕನ್ನಡಿಗೆ ಇನ್ನಷ್ಟು ಹತ್ತಿರ ಬಗ್ಗಿ, ಒಂದು ಕಾಳಿನಷ್ಟು ಸರಿದಿದ್ದ ಕುಂಕುಮವನ್ನು ಅಳಿಸಿ ಮತ್ತೆ ಇಟ್ಟುಕೊಂಡರು. ಆಮೇಲೆ ಜಡೆಗೆ ಕೈ ಹಾಕಿದರು. ಅದನ್ನು ಹೆಣೆದು ಮುಗಿಸುವವರೆಗೂ ನಾನು ಕೂತಲ್ಲಿಂದ ಏಳಲಿಲ್ಲ.